ನಿಮಗಿದು ಗೊತ್ತೆ? ದಶಕಗಳ ಬಳಿಕ ಮೋಟಾರಿಗೆ ಮರುಜೀವ
ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಯಾವುದಾದರೊಂದು ಹಳೆಯ ವಾಡೆಯ ಕೊಟ್ಟಿಗೆಯಲ್ಲಿ ದಶಕಗಳ ಕಾಲ ನಿಶ್ಚಲವಾಗಿ ನಿಂತ ಮೋಟಾರು ದೊರೆತರೆ, ಆತುರದಿಂದ ಚಾವಿ ತಿರುಗಿಸತಕ್ಕುದಲ್ಲ. ತುಕ್ಕಿನಿಂದ ಕಚ್ಚಿಕೊಂಡ ಪಿಸ್ಟನ್ನುಗಳನ್ನು ಬಲಾತ್ಕಾರವಾಗಿ ಸರಿಸಿದರೆ ಸಿಲಿಂಡರಿನ ಒಳಗೋಡೆಯೇ ಗೀಚಿಹೋಗುವುದು. ಪ್ಲಗ್ಗುಗಳನ್ನು ಕಳಚಿ, ಆ ರಂಧ್ರಗಳಲ್ಲಿ ತೆಳುವಾದ ಎಣ್ಣೆಯನ್ನೆರೆದು, ಕೆಲವು ದಿನ ನೆನೆಯಗೊಟ್ಟು, ಅನಂತರ ಇಂಜಿನ್ನನ್ನು ಕೈಯಿಂದಲೇ ಮೆಲ್ಲಮೆಲ್ಲನೆ ತಿರುಗಿಸುವುದು ಕ್ರಮ. ಈ ತಾಳ್ಮೆಯೇ ಅರ್ಧ ಕೆಲಸವೆನ್ನಬೇಕು. ಹಳೆಯ ಪೆಟ್ರೋಲು ಅಂಟಾಗಿ ಕಾರ್ಬುರೇಟರನ್ನು ಕಟ್ಟಿರುವುದರಿಂದ ಅದನ್ನೂ ಟ್ಯಾಂಕನ್ನೂ ಶುದ್ಧಿಗೊಳಿಸಬೇಕು.

ಹೀಗೆ ಮರುಜೀವ ಪಡೆದ ಮೋಟಾರನ್ನು ರಸ್ತೆಗಿಳಿಸಲು ನೋಂದಣಿಯೂ ಬೇಕು. 2021ರ ಕೇಂದ್ರ ನಿಯಮದಂತೆ, ಪ್ರಥಮ ನೋಂದಣಿಯಿಂದ 50 ವರ್ಷ ಕಳೆದು ಮೂಲರೂಪ ಕೆಡದ ಖಾಸಗಿ ವಾಹನವು ವಿಂಟೇಜ್ ಎನಿಸುವುದು. ಹೊಸ ನೋಂದಣಿಯಾದರೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಹೀಗೆ ಹೊಸದಾಗಿ ನೋಂದಾಯಿಸಿದ ವಾಹನದ ಫಲಕದಲ್ಲಿ ಚಿಕ್ಕೋಡಿಯ ‘ಕೆಎ 23’ರ ಬದಲು ‘ಕೆಎ ವಿಎ’ ಇರುವುದು. ಪ್ರದರ್ಶನ, ರ‍್ಯಾಲಿಗಳಿಗೆ ಅನುಮತಿಯುಂಟು, ನಿತ್ಯದ ಓಡಾಟಕ್ಕಿಲ್ಲ.