ರೋಹುವಿನ ಮಿದುಳಿಗೆ ವಾಂತಿ ಮಾತ್ರೆಯ ಮದ್ದು

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಔಷಧಿ ಅಂಗಡಿಗೆ ಹೋಗಿ ವಾಂತಿ, ಹೊಟ್ಟೆ ತೊಳಸು ಅಂದರೆ ಕೈಗೆ ಬರುವ ಮಾತ್ರೆಗಳಲ್ಲಿ ಡೊಂಪೆರಿಡೋನ್ ಒಂದು. ನಮ್ಮ ಕೆರೆಗಳಿಗೆ ಬಿಡುವ ರೋಹು, ಕಾಟ್ಲಾ ಮರಿಗಳ ಹುಟ್ಟಿನ ಹಿಂದೆಯೂ ಇದೇ ಔಷಧಿಯ ಕೈವಾಡವಿದೆ.

ಇವು ಮೂಲತಃ ನದಿಯ ಮೀನುಗಳು. ಕೆರೆಯ ನಿಂತ ನೀರಿನಲ್ಲಿ ದಷ್ಟಪುಷ್ಟವಾಗಿ ಬೆಳೆಯುತ್ತವೆ, ಹೊಟ್ಟೆ ತುಂಬ ಮೊಟ್ಟೆ ಕಟ್ಟುತ್ತದೆ, ಆದರೆ ಇಡುವುದಿಲ್ಲ. ಮುಂಗಾರಿಗೆ ಹರಿಹರದ ತುಂಗಭದ್ರೆ ಕೆಂಪಗೆ ಉಕ್ಕುತ್ತದಲ್ಲ, ಅಂಥ ಹೊಸನೀರಿನ ಸೆಳೆತ ಬೇಕು. ಅದು ಸಿಗದಿದ್ದಾಗ ಮಿದುಳಿನ ಡೋಪಮೈನ್ ಎಂಬ ರಾಸಾಯನಿಕ ಬ್ರೇಕ್ ಒತ್ತಿ ಹಿಡಿಯುತ್ತದೆ. ಮೊಟ್ಟೆ ಮಾಗಿಸುವ ಹಾರ್ಮೋನು ಪಿಟ್ಯುಟರಿ ಗ್ರಂಥಿಯಲ್ಲೇ ಉಳಿದುಬಿಡುತ್ತದೆ. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಒಡಿಶಾದಲ್ಲಿ ಪಿಟ್ಯುಟರಿಯ ಸಾರವನ್ನೇ ಮೀನಿಗೆ ಚುಚ್ಚಿ ಮೊಟ್ಟೆ ಇಡಿಸಿದರು. ಈಗ ಓವಾಪ್ರಿಮ್‌ನಂಥ ಸಿದ್ಧ ಚುಚ್ಚುಮದ್ದುಗಳಿವೆ. ಓವಾಪ್ರಿಮ್‌ನಲ್ಲಿ ಪಿಟ್ಯುಟರಿಯನ್ನು ಎಬ್ಬಿಸುವ ಹಾರ್ಮೋನು ಒಂದು ಪಾಲಾದರೆ, ಡೋಪಮೈನಿನ ಕೈ ಕಟ್ಟುವ ಡೊಂಪೆರಿಡೋನ್ ಇನ್ನೊಂದು ಪಾಲು. ಸಂಜೆ ಸೂಜಿ ಹಾಕಿ ಗಂಡು ಹೆಣ್ಣನ್ನು ಹಾಪಾ ಬಲೆಯೊಳಗೆ ಬಿಟ್ಟರೆ ನಸುಕಿನ ಹೊತ್ತಿಗೆ ನೀರು ಕದಡುವಷ್ಟು ಅಟ್ಟಾಟ ಶುರುವಾಗುತ್ತದೆ.

ಆದರೆ ತಾಯಿ ಮೀನನ್ನು ಒರಟಾಗಿ ಹಿಡಿದರೆ ಈ ಲೆಕ್ಕವೆಲ್ಲ ತಪ್ಪಬಹುದು. ಬಲೆಗೆ ಸಿಕ್ಕ ಮೀನಿನ ಮಿದುಳು ಪಿಟ್ಯುಟರಿಗೆ ಸುದ್ದಿ ಮುಟ್ಟಿಸುತ್ತದೆ, ಪಿಟ್ಯುಟರಿ ಮೂತ್ರಪಿಂಡದ ಮುಂಭಾಗದ ಕೋಶಗಳಿಗೆ; ಕೆಲವೇ ನಿಮಿಷದಲ್ಲಿ ರಕ್ತದಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಏರುತ್ತದೆ. ಪರೀಕ್ಷೆಗೆ ಕೂತ ವಿದ್ಯಾರ್ಥಿಯ ರಕ್ತದಲ್ಲಿ ಏರುವುದೂ ಇದೇ ಕಾರ್ಟಿಸೋಲ್. ರಕ್ತಕ್ಕೆ ಸಕ್ಕರೆ ನುಗ್ಗುತ್ತದೆ, ಕಿವಿರಿನಿಂದ ಲವಣ ಸೋರುತ್ತದೆ. ಮೀನುಮರಿ ಸಾಗಿಸುವವರು ನೀರಿಗೆ ಒಂದಿಷ್ಟು ಅಡುಗೆ ಉಪ್ಪು ಬೆರೆಸುವುದು ಈ ಸೋರಿಕೆ ತಡೆಯಲಿಕ್ಕೆ. ಮೊದಲೇ ಒಂದು ದಿನ ಮೇವು ನಿಲ್ಲಿಸಿ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ತಂಪು ಹೊತ್ತಿನಲ್ಲೇ ಸಾಗಿಸುವುದೂ ರೂಢಿ.

ರಾಸಾಯನಿಕ ಬದಲಾದಂತೆ ನಡವಳಿಕೆಯೂ ಬದಲಾಗುತ್ತದೆ. ಒಂದೇ ತೊಟ್ಟಿಗೆ ಎರಡು ರೇನ್‌ಬೋ ಟ್ರೌಟ್ ಬಿಟ್ಟರೆ ಬೇಗನೇ ಒಂದು ಯಜಮಾನನಾಗುತ್ತದೆ. ಸೋತದ್ದರ ಕಾರ್ಟಿಸೋಲ್ ದಿನಗಟ್ಟಲೆ ಇಳಿಯುವುದಿಲ್ಲ, ಮಿದುಳಿನಲ್ಲಿ ಸೆರೊಟೊನಿನ್ ಬಳಕೆ ಹೆಚ್ಚುತ್ತದೆ. ಮೈ ಕಪ್ಪಿಡುತ್ತದೆ, ತಿನ್ನುವುದು ಕಡಿಮೆಯಾಗುತ್ತದೆ. ಮನೆಯ ಮೀನೂ ಹೀಗಾದರೆ ರೋಗ ಎಂದುಕೊಂಡು ಔಷಧಿ ಸುರಿಯುವ ಮೊದಲು ಅಕ್ವೇರಿಯಂನಲ್ಲಿ ಯಾರು ಯಾರನ್ನು ಕಚ್ಚುತ್ತಿದ್ದಾರೆಂದು ಹತ್ತು ನಿಮಿಷ ನೋಡುವುದು ಲೇಸು. ಹೊಸ ಮೀನು ತಂದ ದಿನ ತಳದಲ್ಲೇ ಸುಮ್ಮನಿದ್ದರೆ ಗಾಬರಿ ಬೇಡ. ಹೊಸ ಜಾಗದಲ್ಲಿ ಮೊದಲು ಆಳಕ್ಕಿಳಿದು ಆಮೇಲೆ ಮೇಲೇರುವುದು ಬಹಳ ಮೀನುಗಳ ಸ್ವಭಾವ.

ಈ ಸ್ವಭಾವವನ್ನೇ ಪ್ರಯೋಗಾಲಯದವರು ಬಳಸಿಕೊಂಡಿದ್ದಾರೆ. ಭಾರತದ ತೊರೆಗಳಲ್ಲೂ ಸಿಗುವ ಪುಟ್ಟ ಪಟ್ಟೆ ಮೀನು ಜೀಬ್ರಾಫಿಶ್ ಅವರ ಅಚ್ಚುಮೆಚ್ಚಿನದು. ಕಾರ್ಟಿಸೋಲ್ ಗುರುತಿಸುವ ಗ್ರಾಹಕ (ರಿಸೆಪ್ಟರ್) ಕೆಟ್ಟಿದ್ದ ಜೀಬ್ರಾಫಿಶ್‌ಗಳ ಬಗ್ಗೆ 2013ರಲ್ಲಿ ಒಂದು ಸಂಶೋಧನೆ ಪ್ರಕಟವಾಯಿತು. ಮಾಮೂಲಿ ಮೀನು ಹೊಸ ತೊಟ್ಟಿಗೆ ದಿನ ಕಳೆದಂತೆ ಒಗ್ಗಿಕೊಂಡರೆ ಇವು ಪ್ರತಿ ಸಲವೂ ಮೊದಲ ದಿನದಂತೆಯೇ ಸ್ತಬ್ಧವಾಗುತ್ತಿದ್ದವು. ಇದನ್ನು ಖಿನ್ನತೆ ಎಂದು ಕರೆಯುವುದು ಆತುರವಾದೀತು. ಆದರೂ ಮನುಷ್ಯರ ಖಿನ್ನತೆಗೆ ಕೊಡುವ ಫ್ಲೂಯೊಕ್ಸೆಟಿನ್ ಕೊಟ್ಟಾಗ ಅವುಗಳ ಓಡಾಟ ಸರಿಹೋಯಿತು. ಇನ್ನೊಂದು ಮೀನಿನ ಜೊತೆ ಸಿಕ್ಕಾಗಲೂ ಸುಧಾರಿಸಿತು.