ಸಾಹಸಿಯ ತಲೆಗೆ ಬಂಗಾಳದ ಬೆಂಡು

ಇಬ್ಬರು ಎದುರುಬದುರು ಕೂತಿರುತ್ತಾರೆ. ಮುಂದೆ ಹಬೆಯಾಡುವ ಚಹಾ, ಕೈಯಲ್ಲಿ ಒಂದೊಂದು ಮಾಲ್ಟೆಡ್ ಮಿಲ್ಕ್ ಬಿಸ್ಕತ್ತು. ತೀರ್ಪುಗಾರ ಐದು ಎಣಿಸುವವರೆಗೆ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಹಿಡಿಯಬೇಕು. ಮೇಲೆತ್ತಿದ ಮೇಲೆ ತಡೆದಷ್ಟೂ ಲಾಭ. ಯಾರು ಕೊನೆಗೆ ಬಾಯಿಗಿಟ್ಟುಕೊಳ್ಳುತ್ತಾರೋ ಅವರದೇ ಗೆಲುವು. ಅಷ್ಟರೊಳಗೆ ಅದು ಮುರಿದು ಅಂಗಿಯ ಮೇಲೋ ಬಟ್ಟಲಿಗೋ ಬಿದ್ದರೆ ಸೋಲು. ಇದಕ್ಕೆ ಚಹಾ ದ್ವಂದ್ವಯುದ್ಧ ಎಂದು ಹೆಸರು. ಸುತ್ತ ನಿಂತು ಹುರಿದುಂಬಿಸುವವರ ತಲೆಗಳನ್ನು ನೋಡಬೇಕು: ಉದ್ದನೆಯ ಕರಿ ಹ್ಯಾಟು, ಗರಿ ಸಿಕ್ಕಿಸಿದ ಹ್ಯಾಟು, ಅವುಗಳ ನಡುವೆ ಗುಮ್ಮಟದಂತೆ ಎದ್ದು ಕಾಣುವ ಖಾಕಿ ಅಥವಾ ಬಿಳಿಯ ಸೋಲಾ ಹ್ಯಾಟು. ಹಳೆಯ ಸಿನಿಮಾಗಳಲ್ಲಿ ದೊರೆಗಳು ಶಿಕಾರಿಗೆ ಹೊರಡುವಾಗ ಹಾಕಿಕೊಳ್ಳುತ್ತಿದ್ದರಲ್ಲ, ಅದೇ.

ಇದು ಇಂಗ್ಲೆಂಡಿನ ಲಿಂಕನ್ ಪಟ್ಟಣದ ಸ್ಟೀಮ್‌ಪಂಕ್ ಜಾತ್ರೆಯ ನೋಟ. 2009ರಲ್ಲಿ ಶುರುವಾದ ಈ ಜಾತ್ರೆ ಆಗಸ್ಟ್ ಕೊನೆಯ ರಜೆಯ ವಾರಾಂತ್ಯದಲ್ಲಿ ಅಲ್ಲಿನ ಕೋಟೆ, ಕೆಥೆಡ್ರಲ್‌ಗಳ ಸುತ್ತ ನೆರೆಯುತ್ತದೆ. ಪೆಟ್ರೋಲು ಬರದೇ ಹೋಗಿದ್ದರೆ, ಉಗಿಯಂತ್ರವೇ ಲೋಕವನ್ನು ನಡೆಸಿದ್ದರೆ ಹೇಗಿರುತ್ತಿತ್ತು ಎಂದು ಆಡುವ ಆಟ ಸ್ಟೀಮ್‌ಪಂಕ್. ಹೆಸರು ಕೊಟ್ಟವರು ಕಾದಂಬರಿಕಾರ ಕೆ.ಡಬ್ಲ್ಯು. ಜೀಟರ್, 1987ರಲ್ಲಿ. ಪ್ರೇರಣೆ ಮಾತ್ರ ಜೂಲ್ಸ್ ವರ್ನ್ ಮತ್ತು ಎಚ್.ಜಿ. ವೆಲ್ಸ್ ಅವರ ಕಾಲದ್ದು. ಇಂಗ್ಲೆಂಡಿನ ಅನೇಕ ಊರುಗಳಲ್ಲಿ ಇಂಥ ಹವ್ಯಾಸಿಗಳ ಪುಟ್ಟ ಪುಟ್ಟ ಕೂಟಗಳಿವೆ. ತಿಂಗಳಿಗೊಮ್ಮೆಯೋ ಎರಡು ಸಲವೋ ವೇಷ ಹಾಕಿಕೊಂಡು ಹಳೆಯ ರೈಲು, ವಸ್ತುಸಂಗ್ರಹಾಲಯ, ತೋಟಗಳಿಗೆ ಹೊರಸಂಚಾರ ಹೋಗುತ್ತಾರೆ.

ಅಂಥದೊಂದು ಕೂಟದಲ್ಲಿ ನನ್ನ ಗೆಳೆಯನಿದ್ದಾನೆ. ಧಾರವಾಡದವನು, ನಾಟಿಂಗ್‌ಹ್ಯಾಮ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ವಾರವಿಡೀ ಪರದೆಯ ಮುಂದೆ ಸಪ್ಪಗೆ ಕೂರುವ ಈತ ರಜೆ ಬಂತೆಂದರೆ ವೇಸ್ಟ್‌ಕೋಟು ತೊಟ್ಟು, ಕೊರಳಿಗೆ ದುರ್ಬೀನು ಹಾಕಿಕೊಂಡು 1880ರ ಅನ್ವೇಷಕನಾಗಿಬಿಡುತ್ತಾನೆ. ಹ್ಯಾಟಿನ ವಿಷಯ ತೆಗೆದರೆ ಸಾಕು, ಫೋನ್ ಇಡುವುದೇ ಇಲ್ಲ. ಈ ಲೇಖನಕ್ಕೆ ಅವನೇ ಕಾರಣ.

ಕೂಟಕ್ಕೆ ಸೇರಿದ ಹೊಸತರಲ್ಲಿ ಅವನು ಕೊಂಡದ್ದು ವಿಯೆಟ್ನಾಂ ಹ್ಯಾಟು. ಒತ್ತಿದ ಕಾಗದದ ತಿರುಳಿನಿಂದ ಮಾಡಿದ ಅಗ್ಗದ ಮಾಲು, ಹಸಿರು ಬಣ್ಣ. ಫ್ರೆಂಚರ ತಲೆಯ ಮೇಲೆ ಬಂದ ಈ ಹ್ಯಾಟು ಆಮೇಲೆ ಫ್ರೆಂಚರನ್ನೂ ಅಮೆರಿಕನ್ನರನ್ನೂ ಎದುರಿಸಿದ ವಿಯೆಟ್ನಾಂ ಸೈನಿಕರ ಗುರುತಾದದ್ದು ಚರಿತ್ರೆಯ ತಮಾಷೆ. ಅಲ್ಲಿನ ಬೀದಿಗಳಲ್ಲಿ ಸೈಕಲ್ ತುಳಿಯುವ ಹಿರಿಯರು ಇವತ್ತಿಗೂ ಅದನ್ನು ಹಾಕುತ್ತಾರೆ. ಸ್ಟೀಮ್‌ಪಂಕಿನವರು ಅದಕ್ಕೆ ಕಂದು ಬಣ್ಣ ಬಳಿದು, ಹಿತ್ತಾಳೆಯ ಹಲ್ಲುಚಕ್ರ ಅಂಟಿಸಿ, ಮೇಲೊಂದು ಗಾಗಲ್ಸ್ ಬಿಗಿದರೆ ಮುಗಿಯಿತು. ಆಮೇಲೆ ಅವನು ಒಂದು ಹಳೆಯ ಕಾರ್ಕ್ ಹೆಲ್ಮೆಟ್ಟಿಗೆ ಮನಸೋತ. ಗಟ್ಟಿ, ಆದರೆ ಭಾರ. ಕೊನೆಗೆ ಹಳೆ ಸಾಮಾನಿನ ಸಂತೆಯಲ್ಲಿ ಒಂದು ಸೋಲಾ ಹ್ಯಾಟು ಸಿಕ್ಕಿತು. ಅಂಚಿನ ಬಟ್ಟೆ ಹರಿದಿತ್ತು, ಒಳಗಿನ ಚರ್ಮದ ಪಟ್ಟಿ ಬಿರುಕು ಬಿಟ್ಟಿತ್ತು. ಹರಿದ ಜಾಗದಲ್ಲಿ ಬೆಳ್ಳಗೆ ಏನೋ ಇಣುಕುತ್ತಿತ್ತು. ಉಗುರಿನಿಂದ ಒತ್ತಿದರೆ ಒಳಕ್ಕೆ ಹೋಗುತ್ತದೆ, ಬಿಟ್ಟರೆ ಗುರುತು ಉಳಿಯುತ್ತದೆ. ಆ ರಾತ್ರಿಯೇ ಫೋನ್ ಮಾಡಿದ. "ಲೇ, ಇದು ನಮ್ಮ ಬಾಸಿಂಗದ ಬೆಂಡ ಐತಿ ನೋಡ!"

ಅವನ ಮದುವೆಯಲ್ಲಿ ಹಣೆಗೆ ಕಟ್ಟಿದ್ದು ಬೆಂಡಿನ ಬಾಸಿಂಗ. ನಮ್ಮಲ್ಲಿ ಬಾಸಿಂಗ, ಆಂಧ್ರದಲ್ಲಿ ಜೀಲುಗು ಬೆಂಡಿನ ಅಲಂಕಾರ, ತಂಜಾವೂರಿನಲ್ಲಿ ನೆಟ್ಟಿಯಲ್ಲಿ ಕೆತ್ತಿದ ದೇವಸ್ಥಾನದ ಮಾದರಿಗಳು, ಬಂಗಾಳದಲ್ಲಿ ಮದುಮಗನ ಟೋಪೊರ್ ಮತ್ತು ದುರ್ಗೆಯ ಸಿಂಗಾರ. ಎಲ್ಲಕ್ಕೂ ಕೆಸರಿನ ಗಿಡದ ತಿರುಳೇ ಮೂಲ. ಬಂಗಾಳದಲ್ಲಿ ಶೋಲಾ ಎನ್ನುವ, ಸೋಲಾ ಹ್ಯಾಟಿಗೂ ಬಳಸುವ ಗಿಡಕ್ಕೆ ಸಸ್ಯಶಾಸ್ತ್ರದಲ್ಲಿ ಈಸ್ಕಿನೊಮಿನೆ ಆಸ್ಪೆರಾ ಎಂದು ಹೆಸರು.

ಎರಡು ಹ್ಯಾಟುಗಳ ಕಥೆ

ಅನ್ವೇಷಕನೆಂದರೆ ಸೋಲಾ ಹ್ಯಾಟು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಕೂತದ್ದು ಹೇಗೆ? ಗೆಳೆಯ ಇದಕ್ಕೆ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಸಂಗ್ರಹದಲ್ಲಿರುವ ಎರಡು ವಸ್ತುಗಳನ್ನು ತೋರಿಸುತ್ತಾನೆ. ಒಂದು ಹೆನ್ರಿ ಮಾರ್ಟನ್ ಸ್ಟ್ಯಾನ್ಲಿಯ ಹೆಲ್ಮೆಟ್ಟು. ಇನ್ನೊಂದು ಡೇವಿಡ್ ಲಿವಿಂಗ್‌ಸ್ಟನ್ನನ ಟೋಪಿ. 1871ರಲ್ಲಿ ಟ್ಯಾಂಗನ್ಯೀಕಾ ಸರೋವರದ ದಡದ ಉಜಿಜಿಯಲ್ಲಿ ಇಬ್ಬರೂ ಭೇಟಿಯಾದರು. ಮುಂದಿನ ವರ್ಷ ಸ್ಟ್ಯಾನ್ಲಿ ಬರೆದ ಪುಸ್ತಕದ ಚಿತ್ರದಲ್ಲಿ ಇಬ್ಬರೂ ಟೋಪಿ ಎತ್ತಿ ವಂದಿಸುತ್ತಿದ್ದಾರೆ.

ಮೂರು ದಶಕ ಆಫ್ರಿಕಾ ಸುತ್ತಿ, ಕಾಯಿಲೆಗೆ ಸೊರಗಿ, ಹೊರಜಗತ್ತಿಗೆ ಕಣ್ಮರೆಯಾಗಿದ್ದವನು ಲಿವಿಂಗ್‌ಸ್ಟನ್. ಅವನ ತಲೆಯ ಮೇಲಿದ್ದದ್ದು ಮಾಸಿದ ಚಿನ್ನದ ಪಟ್ಟಿಯ, ಮುಂದಷ್ಟೇ ಚುಂಚಿರುವ ನೀಲಿ ಟೋಪಿ. ಬ್ರಿಟಿಷ್ ಕಾನ್ಸಲ್ ಹುದ್ದೆಯ ಗುರುತಿನ ಆ ಟೋಪಿ ನೋಡಲು ರೈಲ್ವೆ ಗಾರ್ಡಿನ ಟೋಪಿಯ ಹಾಗಿದೆ. ಗುಮ್ಮಟದ ಹೆಲ್ಮೆಟ್ಟು ಇದ್ದದ್ದು ಸ್ಟ್ಯಾನ್ಲಿಯ ಬಳಿ. ಅವನು ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯ ವರದಿಗಾರ, ಲಿವಿಂಗ್‌ಸ್ಟನ್ನನನ್ನು ಹುಡುಕುವುದೇ ಅವನಿಗೆ ಸಿಕ್ಕ ಅಸೈನ್‌ಮೆಂಟು. ಅಂದರೆ ನಾವು ಅನ್ವೇಷಕನದೆಂದು ನಂಬಿರುವ ಹ್ಯಾಟು ಅಂದು ಪತ್ರಕರ್ತನ ತಲೆಯ ಮೇಲಿತ್ತು! ಪುಸ್ತಕ ಬರೆದವನ ಹ್ಯಾಟೇ ಲೋಕಪ್ರಸಿದ್ಧವಾಯಿತು. ನನ್ನಂಥ ಪತ್ರಿಕೆಯವರಿಗೆ ಇದನ್ನು ಕೇಳಿದಾಗ ಒಳಗೊಳಗೇ ಖುಷಿಯಾಗದೆ ಇರದು.

ಇದಕ್ಕೊಂದು ಬಾಲವೂ ಇದೆ. 1871ರಿಂದ ಸುಮಾರು ನಾಲ್ಕು ದಶಕ ಈ ಸೊಸೈಟಿ ಇದ್ದದ್ದು ಲಂಡನ್ನಿನ 1, ಸ್ಯಾವಿಲ್ ರೋ ವಿಳಾಸದಲ್ಲಿ. ಅದು ಖಾಲಿ ಮಾಡಿದ ಮನೆಗೆ ಬಂದವರು ಹಾಕ್ಸ್ ಕಂಪನಿಯವರು. ಸೈನ್ಯಕ್ಕೆ ಸಮವಸ್ತ್ರ, ಹೆಲ್ಮೆಟ್ಟು ಮಾಡಿಕೊಡುವುದೇ ಅವರ ಕಸುಬು. ಅನ್ವೇಷಕರು ಭಾಷಣ ಮಾಡುತ್ತಿದ್ದ ಮನೆಯಲ್ಲಿ ಅವರ ಬಗೆಯ ಹ್ಯಾಟು ಮಾರಾಟಕ್ಕೆ ಬಂತು.

ಬಿಸಿಲಿನ ಭಯ

ಉಳಿದ ಚರಿತ್ರೆ ಚಿಕ್ಕದು. 1840ರ ದಶಕದಿಂದಲೇ ಭಾರತದ ಯುರೋಪಿಯನ್ನರು ಬೆಂಡಿನ ಹ್ಯಾಟು ಹಾಕತೊಡಗಿದ್ದರು. 1858ರಲ್ಲಿ ಜೂಲಿಯಸ್ ಜೆಫ್ರೀಸ್ ಎಂಬ ಸರ್ಜನ್ ಭಾರತದಲ್ಲಿನ ಬ್ರಿಟಿಷ್ ಸೈನ್ಯದ ಆರೋಗ್ಯ ಕುರಿತು ಪುಸ್ತಕ ಬರೆದು, ತಲೆಗೂ ಹೆಲ್ಮೆಟ್ಟಿಗೂ ನಡುವೆ ಗಾಳಿಯಾಡಲು ಜಾಗ ಬೇಕು ಎಂದು ವಾದಿಸಿದ. 1877ರ ಹೊತ್ತಿಗೆ ಹೊರದೇಶಗಳಲ್ಲಿನ ಸೈನಿಕರಿಗೆ ಬಿಳಿ ಹೆಲ್ಮೆಟ್ಟು ಅಧಿಕೃತವಾಯಿತು. 1879ರ ಜುಲು ಯುದ್ಧದಲ್ಲಿ ಬಿಳಿ ಬಣ್ಣ ದೂರಕ್ಕೇ ಕಾಣುತ್ತದೆಂದು ಸೈನಿಕರು ಅದಕ್ಕೆ ಚಹಾ ಡಿಕಾಕ್ಷನ್ ಬಳಿದು ಕಂದು ಮಾಡಿಕೊಂಡರು. ಗೆಳೆಯನ ಕೂಟದಲ್ಲಿ ಇವತ್ತಿಗೂ ಹೀಗೇ ಮಾಡುತ್ತಾರೆ: ಕುಡಿಯಲು ಒಂದು ಪಾತ್ರೆ ಚಹಾ, ಹ್ಯಾಟಿಗೆ ಇನ್ನೊಂದು.

ಹವ್ಯಾಸಿ ಸಂಘಕ್ಕೂ ಈ ಹ್ಯಾಟಿಗೂ ನಂಟು ಹೊಸತಲ್ಲ. ಕುದುರೆಯ ಮೇಲೆ ಕೂತು ಭರ್ಜಿಯಿಂದ ಕಾಡುಹಂದಿ ಬೇಟೆಯಾಡುತ್ತಿದ್ದ ಕಾನ್ಪುರ ಟೆಂಟ್ ಕ್ಲಬ್ಬಿನ ಹೆಸರಿನಲ್ಲೇ ಅಗಲ ಅಂಚಿನ, ಬಟ್ಟೆಯನ್ನು ಸಾಲು ಸಾಲು ಹೊಲಿದ ದಪ್ಪ ಸೋಲಾ ಹ್ಯಾಟಿನ ಮಾದರಿಯೊಂದಿತ್ತು.

ಹ್ಯಾಟಿನ ಹಿಂದೆ ಒಂದು ಮೂಢನಂಬಿಕೆಯೂ ಇತ್ತು. ಉಷ್ಣದೇಶದ ಸೂರ್ಯನ ಕಿರಣ ಬಿಳಿಯರ ತಲೆಬುರುಡೆಯನ್ನು ತೂರಿ ಮಿದುಳಿಗೆ ತಾಗುತ್ತದೆ, ಕರಿಯರ ಬುರುಡೆ ದಪ್ಪವಾದ್ದರಿಂದ ಅವರಿಗೆ ಬಾಧೆಯಿಲ್ಲ ಎಂದು ದೊರೆಗಳು ನಂಬಿದ್ದರು. ಬಿಸಿಲಿನಲ್ಲಿ ಟೋಪಿ ಇಲ್ಲದೆ ಹೊರಗೆ ಬಂದ ಸೋಲ್ಜರನಿಗೆ ಶಿಕ್ಷೆಯಾಗುತ್ತಿತ್ತು. ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಜಾರ್ಜ್ ಆರ್ವೆಲ್ 1944ರಲ್ಲಿ ತನ್ನ ಅಂಕಣದಲ್ಲಿ ಈ ನಂಬಿಕೆಯನ್ನು ಚೆನ್ನಾಗಿ ಝಾಡಿಸಿದ. ಎರಡನೇ ಮಹಾಯುದ್ಧದ ಹೊತ್ತಿಗೆ ಸೈನ್ಯವೂ ಹ್ಯಾಟನ್ನು ಕೈಬಿಡತೊಡಗಿತು. ಭಾರತ ಬಿಟ್ಟು ಹೊರಟ ದೊರೆಗಳು ಹಡಗಿನಿಂದ ಟೋಪಿಗಳನ್ನು ಸಮುದ್ರಕ್ಕೆ ಎಸೆದರೆಂದು ಹೇಳುತ್ತಾರೆ. ಬೆಂಡಾದ್ದರಿಂದ ಅವು ಮುಳುಗಿರಲಾರವು.

ದೊರೆತನದ ನೆನಪಿನ ಭಾರ ಈ ಹ್ಯಾಟಿನಿಂದ ಇನ್ನೂ ಇಳಿದಿಲ್ಲ. 2018ರಲ್ಲಿ ಅಮೆರಿಕ ಅಧ್ಯಕ್ಷರ ಪತ್ನಿ ಮೆಲಾನಿಯಾ ಟ್ರಂಪ್ ಕೀನ್ಯಾದ ಸಫಾರಿಯಲ್ಲಿ ಇಂಥ ಬಿಳಿ ಹೆಲ್ಮೆಟ್ಟು ತೊಟ್ಟು ಭಾರಿ ಟೀಕೆಗೆ ಗುರಿಯಾದರು. ಆಳಿದವರ ಹ್ಯಾಟನ್ನು ವೇಷವಾಗಿ ಹಾಕುವವರಿಗೆ ಅದರ ಪೂರ್ವಾಪರ ಗೊತ್ತಿರಬೇಕು. ಧಾರವಾಡದವನು ಹಾಕಿದರೆ ಅಣಕವೂ ಆಗುತ್ತದೆ, ಅದು ಬೇರೆ ಮಾತು.

ಕೆಸರಿನಿಂದ ತಲೆಗೆ

ಶೋಲಾ ಬೆಳೆಯುವುದು ಬಂಗಾಳದ ಜೌಗಿನಲ್ಲಿ, ನೀರು ನಿಂತ ಗದ್ದೆಗಳಲ್ಲಿ. ಮಳೆಗಾಲ ಕಳೆದ ಮೇಲೆ ಕಾಂಡ ಕಿತ್ತು ಒಣಗಿಸುತ್ತಾರೆ. ಹೊರಗಿನ ಕಂದು ತೊಗಟೆಯನ್ನು ಚೂರಿಯಿಂದ ಹೆರೆದರೆ ಒಳಗೆ ಹಾಲುಬಿಳುಪಿನ ದಂಟು. ಕೈಚಳಕ ಇರುವುದು ಮುಂದಿನ ಹಂತದಲ್ಲಿ. ಒಂದು ಕೈಯಲ್ಲಿ ದಂಟನ್ನು ಉರುಳಿಸುತ್ತ, ಇನ್ನೊಂದು ಕೈಯಲ್ಲಿ ತೆಳ್ಳನೆಯ ಹರಿತ ಚೂರಿಯನ್ನು ಒತ್ತಿ ಹಿಡಿದರೆ ದಂಟು ಸುರುಳಿ ಬಿಚ್ಚಿದಂತೆ ಹಾಳೆಯಾಗಿ ಹೊರಬರುತ್ತದೆ. ಎಲ್ಲೂ ಹರಿಯಬಾರದು, ಎಲ್ಲೂ ದಪ್ಪವಾಗಬಾರದು. ಹ್ಯಾಟಿಗಾದರೆ ಬೆಂಡಿನ ಪದರಗಳನ್ನು ಅಚ್ಚಿನ ಮೇಲೆ ಒಂದರ ಮೇಲೊಂದು ಗೋಂದು ಹಚ್ಚಿ ಕೂರಿಸಿ ಒಣಗಿಸಬೇಕು. ಮೇಲೆ ಬಟ್ಟೆ ಹೊದಿಸಿ, ಸುತ್ತ ಮಡಿಕೆ ಮಡಿಕೆಯಾಗಿ ಪಗಡಿ ಸುತ್ತಿ, ನೆತ್ತಿಯಲ್ಲಿ ಗಾಳಿಗಿಂಡಿಯ ಗುಂಡಿ ಕೂರಿಸುತ್ತಾರೆ.

ಬಂಗಾಳದಲ್ಲಿ ಪರಂಪರೆಯಿಂದ ಈ ಕೆಲಸ ಮಾಲಾಕಾರರದು. ಪೂರ್ವ ಬರ್ಧಮಾನ್ ಜಿಲ್ಲೆಯ ಬನ್‌ಕಾಪಾಸಿ ಶೋಲಾ ಕೆಲಸಕ್ಕೆ ಹೆಸರಾದ ಹಳ್ಳಿ. ಅಲ್ಲಿ ಈಗ ನಡೆಯುವುದು ಹೆಚ್ಚಾಗಿ ದೇವಿಯ ಕಿರೀಟ, ಹೂವು, ಮದುವೆಯ ಸಾಮಾನು. ಹ್ಯಾಟು ಕೇಳುವವರು ಸಿನಿಮಾದವರು, ನಾಟಕದವರು, ಗೆಳೆಯನಂಥ ಹವ್ಯಾಸಿಗಳು ಮಾತ್ರ.

ಕಸುಬಿಗೆ ಪೆಟ್ಟು ಕೊಟ್ಟದ್ದು ಎರಡು ಸಂಗತಿ. ಜೌಗುಗಳು ಬತ್ತಿ, ಒತ್ತುವರಿಯಾಗಿ ಶೋಲಾ ಸಿಗುವುದೇ ದುಬಾರಿಯಾಯಿತು. ಇನ್ನೊಂದು, ಥರ್ಮೋಕೋಲ್. ಅದೂ ಬಿಳಿ, ಅದೂ ಹಗುರ, ಯಂತ್ರದಲ್ಲಿ ಗಳಿಗೆಗೆ ನೂರು ತುಂಡಾಗುತ್ತದೆ. ಆದರೆ ಮಣ್ಣಿನಲ್ಲಿ ಕರಗುವುದಿಲ್ಲ. 2022ರ ಜುಲೈ 1ರಿಂದ ಅಲಂಕಾರದ ಥರ್ಮೋಕೋಲನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಕಾಗದದ ಮೇಲೆ ಬೆಂಡಿಗೆ ಗೆಲುವಾಗಿದೆ. ನಮ್ಮೂರಿನ ಮಂಟಪಗಳನ್ನು ನೋಡಿದರೆ ಹಾಗನ್ನಿಸುವುದಿಲ್ಲ.

ಕೊಳ್ಳುವವರಿಗೆ

ಹ್ಯಾಟು ಕೊಳ್ಳಬೇಕೆಂದಿರುವವರಿಗೆ ಗೆಳೆಯನ ಸಲಹೆಗಳಿವೆ. ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ಟೇಪು ಹಿಡಿದು ತಲೆಯ ಸುತ್ತಳತೆ ತೆಗೆಯಿರಿ, ಸೆಂಟಿಮೀಟರಿನಲ್ಲೇ ಕೇಳಿ. ಒಳಪಟ್ಟಿ ಹ್ಯಾಟಿನ ಗೋಡೆಗೆ ಅಂಟಿಕೊಂಡಿರಬಾರದು, ನಡುವೆ ಗಾಳಿ ಓಡಾಡಬೇಕು. ಅಂಚಿನ ಕೆಳಗೆ ಹಸಿರು ಬಟ್ಟೆಯಿದ್ದರೆ ಕಣ್ಣಿಗೆ ತಂಪು. ಹಳೆಯದಾದರೆ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ಪುಡಿಯಾಗುವ ಸದ್ದು ಬಂದರೆ ಬಿಟ್ಟುಬಿಡಿ. ಮಳೆ ಬರುವ ಊರಿಗೆ ಹೊರಟಿದ್ದರೆ ಕಾರ್ಕ್ ಅಥವಾ ಉಣ್ಣೆಯ ಹ್ಯಾಟೇ ವಾಸಿ. ಎರಡು ಪದರದ ಫೆಲ್ಟಿನ ಟೆರಾಯ್ ಹ್ಯಾಟಿದೆ, ಒಂದು ಬದಿ ಮಡಿಚುವ ಸ್ಲೋಚ್ ಹ್ಯಾಟಿದೆ. ಎರಡನೆಯದು ನಮ್ಮ ಪೊಲೀಸ್ ಪೇದೆಗಳು ಬಹುಕಾಲ ಹಾಕಿದ್ದೇ.

ಸೋಲಾದ ಬಗ್ಗೆ ಅವನ ಷರಾ ಹೀಗೆ: "ಮಳ್ಯಾಗ ತೋಯ್ತಂದ್ರ ಹಪ್ಪಳ ಉಬ್ಬಿದಂಗ ಉಬ್ಬತೈತಿ. ಕೆಳಗ ಬಿತ್ತಂದ್ರ ಒಡೀತೈತಿ. ಆದ್ರ ತಲಿ ಮ್ಯಾಲ ಇದ್ದದ್ದ ಗೊತ್ತಾಗಂಗಿಲ್ಲ."

ನನ್ನ ಮಾತೂ ಅದರ ಬದಿಗೇ. ಮೋಜಿಗೆ ತೊಡುವ ಹ್ಯಾಟು ಬಾಳಿಕೆ ಬರಲೇಬೇಕೆಂದಿಲ್ಲ, ನಿಜವಾಗಿದ್ದರೆ ಸಾಕು. ವೇಷಕ್ಕೆ ಹ್ಯಾಟು ಕೊಳ್ಳುವವರು, ನಾಟಕಕ್ಕೆ ದೊರೆಯ ಟೋಪಿ ಹುಡುಕುವವರು ಅಂಗಡಿಯವನಿಗೆ ಒಂದು ಪ್ರಶ್ನೆ ಕೇಳಿ: ಇದು ಬೆಂಡಿನದೇ? ಹ್ಯಾಟು ಬೇಡವಾದರೆ ಮನೆಯ ಮದುವೆಗೆ ಬಾಸಿಂಗ ತರುವಾಗ ಕೇಳಿ. ಹತ್ತು ಜನ ಕೇಳಿದರೆ ಅಂಗಡಿಯವನು ತರಿಸುತ್ತಾನೆ. ಅವನು ತರಿಸಿದರೆ ಮಾಡುವವರ ಮಕ್ಕಳು ಚೂರಿ ಹಿಡಿಯುವುದನ್ನು ಕಲಿಯುತ್ತಾರೆ. ಕೇಳುವವರಿಲ್ಲದ ಕಸುಬು ಉಳಿಯುವುದಿಲ್ಲ.