ಜೆ.ಸಿ. ರಸ್ತೆಯ ಅಯ್ಯರ್, ಬೆಳಗಿನ ಐದೂವರೆಯ ಟ್ರೈನರ್

ಬೆಂಗಳೂರಿನ ಜೆ.ಸಿ. ರಸ್ತೆ ಎಂದರೆ ಇವತ್ತಿನವರಿಗೆ ನೆನಪಾಗುವುದು ವಾಹನಗಳ ಬಿಡಿಭಾಗದ ಅಂಗಡಿಗಳು, ರವೀಂದ್ರ ಕಲಾಕ್ಷೇತ್ರ, ಸಂಜೆಯಾದರೆ ಜರುಗದ ಟ್ರಾಫಿಕ್. ಇದೇ ರಸ್ತೆಯಲ್ಲಿ 1940ರಲ್ಲಿ ಒಂದು ವ್ಯಾಯಾಮಶಾಲೆ ತಲೆಯೆತ್ತಿತು. ಕಟ್ಟಿದವರು ಕೋಲಾರದ ಕೆ.ವಿ. ಅಯ್ಯರ್. ಕನ್ನಡದ ಓದುಗರು ಅವರನ್ನು ಬಲ್ಲದ್ದು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಲೇಖಕರೆಂದು, ಟಿ.ಪಿ. ಕೈಲಾಸಂ ಅವರ ಆಪ್ತರೆಂದು. ಆದರೆ ದೇಶದಾಚೆಗೂ ಅವರ ಹೆಸರು ಹೋದದ್ದು ಬೇರೊಂದು ಕಸುಬಿನಿಂದ. ಬಂದವರ ಮೈಕಟ್ಟು ನೋಡಿ, ಅವರವರ ತಾಕತ್ತಿಗೆ ತಕ್ಕ ವ್ಯಾಯಾಮ ಹೇಳಿಕೊಡುವುದು ಆ ಕಸುಬು. ಈಗ ಅದಕ್ಕೆ ಪರ್ಸನಲ್ ಟ್ರೈನಿಂಗ್ ಎನ್ನುತ್ತಾರೆ. ಜಿಮ್ಮಿನೊಳಗಿನ ಮಾತಿನಲ್ಲಿ ಬರೀ ‘ಪಿಟಿ’.

ಇವತ್ತು ಈ ಪಿಟಿಯನ್ನು ನೆಚ್ಚಿಕೊಂಡವರಲ್ಲಿ ಇನ್ನೊಂದು ಕೆಲಸವನ್ನೂ ಕೈಯಲ್ಲಿಟ್ಟುಕೊಂಡವರು ಬಹಳ. ಶಾಲೆಯ ದೈಹಿಕ ಶಿಕ್ಷಕರು, ಬ್ಯಾಂಕು-ಸಾಫ್ಟ್‌ವೇರ್ ಕಂಪನಿಗಳ ನೌಕರರು, ಆಟ ಬಿಟ್ಟ ಅಥ್ಲೀಟುಗಳು, ಮಕ್ಕಳು ಸ್ಕೂಲಿಗೆ ಹೋದ ಮೇಲೆ ಅಪಾರ್ಟ್‌ಮೆಂಟಿನ ಗೆಳತಿಯರಿಗೆ ಹೇಳಿಕೊಡುವ ಹೆಣ್ಣುಮಕ್ಕಳು ಎಲ್ಲರೂ ಇದ್ದಾರೆ. ಬೆಳಗಿನ ಐದೂವರೆಗೆ ಜಿಮ್ಮಿನ ಶಟರ್ ಏಳುತ್ತದೆ. ಎಂಟೂವರೆಯೊಳಗೆ ಇಬ್ಬರೋ ಮೂವರೋ ಕ್ಲೈಂಟುಗಳನ್ನು ಮುಗಿಸಿ, ಬ್ಯಾಗಿನಲ್ಲಿ ಮಡಿಸಿಟ್ಟ ಅಂಗಿ ತೊಟ್ಟು ಆಫೀಸಿಗೆ ಹೊರಟರೆ, ಸಂಜೆ ಏಳಕ್ಕೆ ಮತ್ತೆ ಅದೇ ಟ್ರ್ಯಾಕ್ ಪ್ಯಾಂಟು. ಹೊರಗಿನವರಿಗೆ ಇದು ಹವ್ಯಾಸದಂತೆ ಕಾಣುತ್ತದೆ. ಇನ್ನೊಬ್ಬರ ಮಂಡಿ, ಬೆನ್ನು, ರಕ್ತದೊತ್ತಡ ತಮ್ಮ ಕೈಯಲ್ಲಿದೆ ಎಂದು ಅರಿತವರಿಗೆ ಅದು ಹವ್ಯಾಸವಲ್ಲ.

ಒಂದು ಕಾಲು ಹೊಟ್ಟೆಪಾಡಿನಲ್ಲಿ, ಇನ್ನೊಂದು ಅಖಾಡದಲ್ಲಿ ಇಟ್ಟುಕೊಂಡು ಕಲಿಸುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಮೈಸೂರಿನ ಗರಡಿ ಮನೆಗಳ ಉಸ್ತಾದರು ಹಗಲಿಗೆ ತಮ್ಮ ಕಸುಬು ನೋಡಿಕೊಂಡು, ಬೆಳಗ್ಗೆ ಸಂಜೆ ಮಟ್ಟಿಯ ಕೆಮ್ಮಣ್ಣಿನಲ್ಲಿ ಹುಡುಗರಿಗೆ ಸಾಮು, ಪಟ್ಟು ಹೇಳಿಕೊಡುತ್ತಿದ್ದರು. ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿದ ಟಿ. ಕೃಷ್ಣಮಾಚಾರ್ಯರು ಷಡ್ದರ್ಶನ ಓದಿದ ಪಂಡಿತರು. ಆದರೂ ಅರಮನೆಯ ಆಶ್ರಯ ಸಿಗುವ ಮುಂಚೆ ಸಂಸಾರ ನಡೆಸಲು ಹಾಸನ ಸೀಮೆಯ ಕಾಫಿ ತೋಟದಲ್ಲಿ ಕೆಲಸಕ್ಕಿದ್ದರು, ಬಿಡುವಾದಾಗ ಊರೂರಿಗೆ ಹೋಗಿ ಯೋಗದ ಪ್ರಾತ್ಯಕ್ಷಿಕೆ ಕೊಡುತ್ತಿದ್ದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಯೋಗಶಾಲೆ ಶುರುವಾದದ್ದು 1933ರಲ್ಲಿ.

ಆದರೆ ಈ ಕಸುಬಿನ ಇಂದಿನ ರೂಪಕ್ಕೆ, ಅಂದರೆ ನಗರದ ಜನರಿಗೆ, ಫೀಸಿಗೆ, ಕಬ್ಬಿಣದ ತೂಕಗಳ ನಡುವೆ ಒಬ್ಬೊಬ್ಬರಿಗೆ ಕಲಿಸುವ ರೂಪಕ್ಕೆ, ಕರ್ನಾಟಕದಲ್ಲಿ ಮೂಲಪುರುಷ ಎನ್ನಬಹುದಾದವರು ಅಯ್ಯರ್ ಅವರೇ. ಹುಟ್ಟಿದ್ದು 1897ರಲ್ಲಿ. ಅದೇ ವರ್ಷ ಲಂಡನ್ನಿನಲ್ಲಿ ಯೂಜೆನ್ ಸ್ಯಾಂಡೊ ತನ್ನ ದೇಹಸಂವರ್ಧನ ಸಂಸ್ಥೆ ತೆರೆದ. ಆಮೇಲೆ 1904-05ರಲ್ಲಿ ಭಾರತಕ್ಕೂ ಬಂದು ಹೋದ. ಆತನ ಭಾವಚಿತ್ರಗಳನ್ನೂ ಡಂಬೆಲ್ ಪಾಠಗಳನ್ನೂ ನೋಡಿ ಬೆಳೆದ ತಲೆಮಾರು ಅಯ್ಯರ್ ಅವರದು. 1922ರಲ್ಲಿ ಬೆಂಗಳೂರಿನ ಕೋಟೆಯ ಟಿಪ್ಪುವಿನ ಹಳೆಯ ಅರಮನೆಯಲ್ಲಿ ಅವರ ಮೊದಲ ವ್ಯಾಯಾಮಶಾಲೆ ಆರಂಭವಾಯಿತು. ಅಲ್ಲಿಂದ ಜಾಗ ಬದಲಿಸುತ್ತ ಬದಲಿಸುತ್ತ ಜೆ.ಸಿ. ರಸ್ತೆಗೆ ಬರಲು ಹದಿನೆಂಟು ವರ್ಷ ಹಿಡಿಯಿತು. ಈಗ ಕಸುಬಿಗೆ ಇಳಿಯುವ ಹುಡುಗರು ಮೊದಲ ವರ್ಷವೇ ಸ್ವಂತ ಸ್ಟುಡಿಯೊ ಕನಸು ಕಾಣುತ್ತಾರೆ. ಅವರು ಈ ಹದಿನೆಂಟು ವರ್ಷಗಳನ್ನು ಗಮನಿಸಬೇಕು.

ಅಯ್ಯರ್ ಅವರ ಫೋಟೊಗಳನ್ನು ನೋಡಿದವರು ಮರೆಯಲಾರರು. ಗ್ರೀಕ್ ಶಿಲ್ಪದ ಭಂಗಿ, ಒಂದೊಂದು ಸ್ನಾಯುವೂ ಬೇರೆ ಬೇರೆ ಎದ್ದು ಕಾಣುವ ನೆರಳು-ಬೆಳಕು, ತುಂಬು ಆತ್ಮವಿಶ್ವಾಸದ ಮುಖ. ಇಂಗ್ಲೆಂಡಿನ ದೇಹದಾರ್ಢ್ಯ ಪತ್ರಿಕೆಗಳಲ್ಲಿ ಈ ಚಿತ್ರಗಳು ಅಚ್ಚಾದವು. ದೇವತೆಗಳೂ ಆಸೆಪಡುವಂಥ ಮೈ ತಮ್ಮದೆಂದು ಅವರು ಬರೆದುಕೊಂಡದ್ದೂ ಉಂಟು. ಇವತ್ತಿನ ಟ್ರೈನರುಗಳು ಇನ್‌ಸ್ಟಾಗ್ರಾಮಿನಲ್ಲಿ ಮಾಡುವುದನ್ನು ಅವರು ತೊಂಬತ್ತು ವರ್ಷ ಮೊದಲೇ ಮಾಡಿದ್ದರು. ವ್ಯತ್ಯಾಸವೆಂದರೆ ಆ ಚಿತ್ರಗಳ ಹಿಂದೆ ಪುಸ್ತಕಗಳಿದ್ದವು. 1930ರಲ್ಲಿ ‘ಮಸಲ್ ಕಲ್ಟ್’, 1937ರಲ್ಲಿ ‘ಸೂರ್ಯ ನಮಸ್ಕಾರ್’ ಬಂದವು. ಬಾರ್ಬೆಲ್ಲನ್ನೂ ಆಸನವನ್ನೂ ಒಂದೇ ಪಾಠದೊಳಗೆ ತಂದದ್ದು ಅವರ ಪದ್ಧತಿಯ ಹೆಚ್ಚುಗಾರಿಕೆ. ಯೋಗಾಚಾರ್ಯ ಸುಂದರಂ ಇದರಲ್ಲಿ ಅವರ ಜೊತೆಗಾರರಾಗಿದ್ದರು. ಒಂದೇ ಮೈಗೆ ಕಬ್ಬಿಣವೂ ಬೇಕು, ಉಸಿರೂ ಬೇಕು ಎಂಬ ಮಾತು ಇವತ್ತು ಯಾವ ಜಿಮ್ಮಿನ ಬೋರ್ಡಿನಲ್ಲಾದರೂ ಸಿಗುತ್ತದೆ. ಆಗ ಅದು ಧೈರ್ಯದ ಮಾತು.

ನಾಲ್ವಡಿ ಕೃಷ್ಣರಾಜ ಒಡೆಯರೂ ಅಯ್ಯರ್ ಅವರಿಂದ ಮಾರ್ಗದರ್ಶನ ಪಡೆದರು. ಜಗನ್ಮೋಹನ ಅರಮನೆಯಲ್ಲಿ ಅಯ್ಯರ್ ಶಿಷ್ಯರೊಬ್ಬರು ನಡೆಸುತ್ತಿದ್ದ ವ್ಯಾಯಾಮಶಾಲೆ ಕೃಷ್ಣಮಾಚಾರ್ಯರ ಯೋಗಶಾಲೆಗೆ ತೀರ ಹತ್ತಿರದಲ್ಲೇ ಇತ್ತು. ಜಗತ್ತಿನ ಫಿಟ್‌ನೆಸ್ ಚರಿತ್ರೆ ಬರೆಯುವವರು ಈ ನೆರೆಹೊರೆಯನ್ನು ಈಗ ಬಹಳ ಆಸಕ್ತಿಯಿಂದ ನೋಡುತ್ತಿದ್ದಾರೆ. ನಾವು ಇನ್ನೂ ಅಷ್ಟಾಗಿ ನೋಡಿಲ್ಲ.

ಅಯ್ಯರ್ ಮಾಡಿದ ಇನ್ನೊಂದು ಕೆಲಸಕ್ಕೆ ಇವತ್ತು ವಿಶೇಷ ಬೆಲೆಯಿದೆ. ದೂರದ ಊರಿನವರಿಗೆ ಅವರು ಅಂಚೆಯ ಮೂಲಕ ವ್ಯಾಯಾಮ ಕಲಿಸುತ್ತಿದ್ದರು. ಪಾಠ ಕಾಗದದಲ್ಲಿ ಹೋಗುತ್ತಿತ್ತು, ಮಾಡುವವರು ತಮ್ಮ ಮನೆಯಲ್ಲೇ ಮಾಡಬೇಕು. 2020ರ ಮಾರ್ಚಿನಲ್ಲಿ ಕೊರೊನಾ ಲಾಕ್‌ಡೌನ್ ಬಂದು ಜಿಮ್‌ಗಳು ಮುಚ್ಚಿ, ಆಗಸ್ಟ್‌ವರೆಗೆ ಬೀಗ ತೆಗೆಯದೇ ಹೋದಾಗ, ಸಾವಿರಾರು ಟ್ರೈನರುಗಳು ಫೋನನ್ನು ಕುಕ್ಕರಿಗೋ ನೀರಿನ ಬಾಟಲಿಗೋ ಒರಗಿಸಿಟ್ಟು ವಿಡಿಯೊದಲ್ಲಿ ಪಾಠ ಹೇಳಿದರು. ಅನೇಕರಿಗೆ ಅರೆಕಾಲಿಕ ಟ್ರೈನಿಂಗ್ ಸಾಧ್ಯ ಎಂದು ಗೊತ್ತಾದದ್ದೇ ಆಗ. ಮಂಗಳೂರಿನಲ್ಲಿ ಕೂತವರು ದುಬೈನಲ್ಲಿರುವ ಕನ್ನಡಿಗರಿಗೆ ಸ್ಕ್ವಾಟ್ ಹೇಳಿಕೊಡುವುದು ಈಗ ಸುದ್ದಿಯೇ ಅಲ್ಲ.

ಶುರು ಮಾಡುವವರ ಅಳುಕಿಗೆ ಕೋಲಾರ ಜಿಲ್ಲೆಯೇ ಇನ್ನೊಂದು ಉದಾಹರಣೆ ಕೊಟ್ಟಿದೆ. ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯದಿಂದ ಸೊರಗಿದ ಹುಡುಗ. ಭಾವ ಕೃಷ್ಣಮಾಚಾರ್ಯರು ಅವರನ್ನು ಯೋಗ ಕಲಿಸಲು ಪುಣೆಗೆ ಕಳಿಸಿದ್ದು 1937ರಲ್ಲಿ. ಆಗ ವಯಸ್ಸು ಹದಿನೆಂಟು. ಮರಾಠಿ ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೆ, ಎದುರಿಗೆ ಕೂತ ಶಿಷ್ಯರಲ್ಲಿ ತಮಗಿಂತ ಗಟ್ಟಿಮುಟ್ಟಾದವರೇ ಹೆಚ್ಚು. ಅವರು ಗಂಟೆಗಟ್ಟಲೆ ತಾವೇ ಅಭ್ಯಾಸ ಮಾಡಿ, ಎಲ್ಲಿ ನೋವು ಬರುತ್ತದೆ, ಏಕೆ ಬರುತ್ತದೆ ಎಂದು ತಮ್ಮ ಮೈಯಲ್ಲೇ ಕಂಡುಕೊಂಡರು. ಬಗ್ಗಲಾರದವರಿಗೆ ಹಗ್ಗ, ಇಟ್ಟಿಗೆಯಂಥ ಮರದ ತುಂಡು, ಕುರ್ಚಿ ಕೊಟ್ಟು ಆಸನ ಮಾಡಿಸುವ ಅವರ ಕ್ರಮ ಅಲ್ಲಿಂದ ಬೆಳೆದದ್ದು. ಒಳ್ಳೆಯ ಟ್ರೈನರ್ ಆಗಲು ಸಿಕ್ಸ್ ಪ್ಯಾಕ್ ಬೇಕೇ ಬೇಕು ಎನ್ನುವವರು ಅಯ್ಯಂಗಾರ್ ಅವರ ಮೊದಲ ದಿನಗಳನ್ನು ಓದಿಕೊಳ್ಳಬೇಕು.

ಇನ್ನು ಕೆಲಸ ಹೇಗೆ ನಡೆಯುತ್ತದೆ? ಐವತ್ತು ದಾಟಿದ ಗೃಹಿಣಿಯೊಬ್ಬರು ಮೊದಲ ಸಲ ಬಂದರು ಎನ್ನಿ. ಬಲ್ಲ ಟ್ರೈನರ್ ಅವರನ್ನು ಟ್ರೆಡ್‌ಮಿಲ್ ಹತ್ತಿಸುವುದಿಲ್ಲ, ಕೂರಿಸಿ ಮಾತಾಡಿಸುತ್ತಾರೆ. ನಡೆದರೆ ಎದೆ ಹಿಡಿಯುತ್ತದೆಯೇ? ತಲೆ ಸುತ್ತುವುದುಂಟೆ? ಬಿಪಿ, ಶುಗರ್ ಮಾತ್ರೆ ಯಾವುದು? ಆಪರೇಷನ್ ಆಗಿದೆಯೇ? ಪಾರ್-ಕ್ಯೂ ಎಂಬ ಏಳು ಪ್ರಶ್ನೆಗಳ ಪಟ್ಟಿ ಜಗತ್ತಿನ ಎಲ್ಲೆಡೆ ಬಳಕೆಯಲ್ಲಿದೆ. ಒಂದಕ್ಕೆ ‘ಹೌದು’ ಬಂದರೂ ಮೊದಲು ವೈದ್ಯರ ಮಾತು ಕೇಳಿಕೊಂಡು ಬರಲು ಹೇಳಬೇಕು. ಮಾತ್ರೆಯ ಹೆಸರು ಕೇಳುವುದಕ್ಕೂ ಕಾರಣವಿದೆ. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರ ನಾಡಿ ಎಷ್ಟು ದಣಿದರೂ ಅಷ್ಟಾಗಿ ಏರುವುದಿಲ್ಲ. ವಾಚಿನ ಅಂಕಿ ನಂಬಿದರೆ ಮೋಸ ಹೋದಂತೆ. ಅಂಥವರಿಗೆ ಹಳೆಯ ಉಪಾಯವೇ ಸರಿ: ಮಾಡುತ್ತಾ ಒಂದು ವಾಕ್ಯ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಇನ್ಸುಲಿನ್ ಚುಚ್ಚಿಕೊಳ್ಳುವವರಾದರೆ ಶುಗರ್ ದಿಢೀರನೆ ಇಳಿದೀತೆಂದು ಕೈಗೆಟುಕುವ ಹಾಗೆ ಗ್ಲೂಕೋಸ್ ಇಟ್ಟುಕೊಂಡಿರಬೇಕು.

ಆಮೇಲೆ ಒಂದು ಕುರ್ಚಿ. “ಮೇಡಂ, ಕೈ ಊರದೆ ಎದ್ದು ನಿಲ್ಲಿ, ನಿಧಾನವಾಗಿ ಕೂತ್ಕೊಳ್ಳಿ.” ಇಷ್ಟರಲ್ಲೇ ಎಷ್ಟೋ ವಿಷಯ ಹೊರಬೀಳುತ್ತದೆ: ಮಂಡಿ ಒಳಕ್ಕೆ ವಾಲುತ್ತದೆಯೇ, ಹಿಮ್ಮಡಿ ಮೇಲೇಳುತ್ತದೆಯೇ, ಭಾರವೆಲ್ಲ ಒಂದೇ ಕಾಲಿಗೆ ಹೋಗುತ್ತಿದೆಯೇ. ಮುಂದೆ ಬಗ್ಗಿ ಭಾರ ಎತ್ತುವುದನ್ನು ಕಲಿಸಲು ಒಂದು ಕೋಲು ಸಾಕು. ಕೋಲನ್ನು ಬೆನ್ನುದ್ದಕ್ಕೂ ಹಿಡಿಸುತ್ತಾರೆ. ತಲೆಯ ಹಿಂಬದಿ, ಬೆನ್ನಿನ ಮೇಲ್ಭಾಗ, ಬೆನ್ನುಮೂಳೆಯ ತುದಿ, ಈ ಮೂರು ಕಡೆ ಕೋಲು ತಾಗಿರಬೇಕು. ಹಾಗೇ ಸೊಂಟದಿಂದ ಬಗ್ಗಬೇಕು. ಒಂದು ಕಡೆ ಕೋಲು ಬಿಟ್ಟುಕೊಂಡಿತೆಂದರೆ ಬೆನ್ನು ಗೂನಾಯಿತು ಎಂದರ್ಥ. ಗ್ಯಾಸ್ ಸಿಲಿಂಡರ್ ಜರುಗಿಸಿ, ನೀರಿನ ಕ್ಯಾನ್ ಎತ್ತಿ, ಮೊಮ್ಮಗುವನ್ನು ಎತ್ತಿ ಬೆನ್ನು ನೋಯಿಸಿಕೊಂಡವರಿಗೆ ಯಾವ ಮಷೀನಿಗಿಂತಲೂ ಈ ಕೋಲಿನ ಪಾಠ ದೊಡ್ಡದು. ಭಾರ ಎತ್ತುವಾಗ ಉಸಿರು ಬಿಡಬೇಕು. ಬಿಗಿಹಿಡಿದರೆ ರಕ್ತದೊತ್ತಡ ಸರ್ರನೆ ಏರುತ್ತದೆ.

ಮುಟ್ಟಿ ತಿದ್ದುವ ಮುನ್ನ ಕೇಳಬೇಕು. ಇದನ್ನು ಮೈಸೂರು ನೋವಿನಿಂದ ಕಲಿತಿದೆ. ಸಂಸ್ಕೃತ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಲಕ್ಷ್ಮೀಪುರದ ಮನೆಯಲ್ಲಿ ಯೋಗ ಕಲಿಸಿದ ಪಟ್ಟಾಭಿ ಜೋಯಿಸರಿಂದಾಗಿ ‘ಮೈಸೂರು ಸ್ಟೈಲ್’ ಎಂಬ ಕ್ರಮ ಜಗತ್ತಿನಲ್ಲೆಲ್ಲ ಹರಡಿತು. ಅಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿದ್ದರೂ ಒಬ್ಬೊಬ್ಬರದೂ ಅವರವರ ಪಾಠ. ಅವರು ತೀರಿಕೊಂಡ ಬಳಿಕ, ತಿದ್ದುವ ನೆಪದಲ್ಲಿ ಅನುಚಿತವಾಗಿ ಮುಟ್ಟುತ್ತಿದ್ದರೆಂದು ಶಿಷ್ಯೆಯರು ಹೇಳಿದರು. 2019ರಲ್ಲಿ ಮೊಮ್ಮಗ ಶರತ್ ಜೋಯಿಸ್ ಅದನ್ನು ತಾವೂ ಕಂಡದ್ದಾಗಿ ಒಪ್ಪಿ ಬಹಿರಂಗವಾಗಿ ಕ್ಷಮೆ ಕೇಳಿದರು. ಕಸುಬಿನ ಹಿರಿಮೆ ಹೇಳುವಾಗ ಇದನ್ನು ಮುಚ್ಚಿಡುವುದು ಸರಿಯಲ್ಲ.

ಭಾರತದಲ್ಲಿ ಟ್ರೈನರ್ ಆಗಲು ಸರ್ಕಾರದ ಪರವಾನಗಿ ಕಡ್ಡಾಯವಿಲ್ಲ. ಪ್ರಮಾಣಪತ್ರಗಳು ಇವೆ. ಎಸಿಇ, ಎನ್‌ಎಸ್‌ಸಿಎಯಂಥ ಅಮೆರಿಕದ ಸಂಸ್ಥೆಗಳ ಪರೀಕ್ಷೆಗಳು, ಮುಂಬೈಯ ಕೆ11ನಂಥ ಶಾಲೆಗಳು, ಕೇಂದ್ರದ ಕೌಶಲ ಮಂಡಳಿಯಡಿಯ ಫಿಟ್‌ನೆಸ್ ಟ್ರೈನರ್ ಕೋರ್ಸು. ಕೆಲಸದಲ್ಲಿರುವವರು ರಾತ್ರಿ ಓದಿ ಪಾಸು ಮಾಡಬಲ್ಲಂಥವೇ ಇವು. ಎಸಿಇ ಪರೀಕ್ಷೆಗೆ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಬದುಕಿಸುವ ತರಬೇತಿಯ ಪ್ರಮಾಣಪತ್ರ ಇರಲೇಬೇಕು, ಅದು ಬಹಳ ಸರಿಯಾದ ನಿಯಮ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತಪಾಸಣೆಗೆಂದು ಜನ ಮುಗಿಬಿದ್ದರು. ಜಿಮ್ ಎಂದರೆ ಹೆದರುವವರೂ ಹುಟ್ಟಿಕೊಂಡರು. ಆ ಹೆದರಿಕೆಗೆ ಉತ್ತರ ವ್ಯಾಯಾಮ ಬಿಡುವುದಲ್ಲ. ಪಕ್ಕದಲ್ಲಿ ನಿಂತವರಿಗೆ, ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ, ಕನಿಷ್ಠ 5 ಸೆಂಟಿಮೀಟರ್ ಆಳ ಒತ್ತಲು ಗೊತ್ತಿರಬೇಕು.

ಬೇಡಿಕೆಗೇನೂ ಕೊರತೆಯಿಲ್ಲ. ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಐಸಿಎಂಆರ್ ನೆರವಿನ ಅಧ್ಯಯನ 2023ರಲ್ಲಿ ಹೇಳಿತು. ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಸಾಕಷ್ಟು ಮೈ ದಂಡಿಸುತ್ತಿಲ್ಲ ಎಂದು ಮರುವರ್ಷ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂತು. ವಾರಕ್ಕೆ 150 ನಿಮಿಷದ ಚುರುಕು ನಡಿಗೆಯಷ್ಟು ಶ್ರಮ, ಎರಡು ದಿನ ಸ್ನಾಯುಬಲದ ವ್ಯಾಯಾಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಕೇಳುವ ಕನಿಷ್ಠ. ಅದನ್ನು ಮನೆಮನೆಗೆ ಮುಟ್ಟಿಸುವವರು ಯಾರು? ವೈದ್ಯರು ‘ವಾಕಿಂಗ್ ಮಾಡಿ’ ಎಂದು ಬರೆದುಕೊಡಬಹುದು. ಎದುರು ನಿಂತು ಮಾಡಿಸಲು ಒಬ್ಬರು ಬೇಕು.

ಆ ಒಬ್ಬರ ಬದುಕು ಮಾತ್ರ ಸಡಿಲ ದಾರದ ಮೇಲಿದೆ. ಪಿಟಿ ಫೀಸಿನಲ್ಲಿ ಜಿಮ್ಮಿಗೆಷ್ಟು, ಟ್ರೈನರಿಗೆಷ್ಟು ಎಂಬುದು ಅನೇಕ ಕಡೆ ಬಾಯಿಮಾತಿನ ಲೆಕ್ಕ. ಜನವರಿಯಲ್ಲಿ ತುಂಬುವ ಜಿಮ್ ಮಾರ್ಚಿನ ಪರೀಕ್ಷೆ, ಮೇ ತಿಂಗಳ ಮದುವೆಗಳು ಬಂದರೆ ಖಾಲಿ. ಕ್ಲೈಂಟ್ ಬೆಳಗ್ಗೆ ಐದಕ್ಕೆ ‘ಇವತ್ತು ಆಗಲ್ಲ ಸರ್’ ಎಂದು ಮೆಸೇಜ್ ಹಾಕಿದರೆ ನಾಲ್ಕೂವರೆಗೆ ಎದ್ದು ಹೊರಟವರ ಆ ದಿನದ ದುಡಿಮೆ ಹೋಯಿತು. ಪಿಎಫ್ ಇಲ್ಲ, ರಜೆ ಇಲ್ಲ. ತಾವೇ ಬಿದ್ದು ಮಂಡಿ ನೋಯಿಸಿಕೊಂಡರೆ ಕೇಳುವವರಿಲ್ಲ. ಮೂರು ತಿಂಗಳಲ್ಲಿ ಮೈ ಬೇಕು ಎನ್ನುವ ಹುಡುಗರಿಗೆ ಸ್ಟೆರಾಯ್ಡ್ ಚುಚ್ಚುಮದ್ದು ಮಾರಿದರೆ ಹೆಚ್ಚು ಸಂಪಾದಿಸಬಹುದೆಂಬ ಆಮಿಷ ಬೇರೆ. ಅದಕ್ಕೆ ‘ಇಲ್ಲ’ ಎಂದವರೇ ಕಸುಬಿನ ಮಾನ ಕಾಯುತ್ತಿರುವವರು. ಇನ್ನೊಂದು ಕೆಲಸ ಕೈಯಲ್ಲಿದ್ದವರಿಗೆ ಹಾಗೆ ಹೇಳುವುದು ಸ್ವಲ್ಪ ಸುಲಭ. ಅರೆಕಾಲಿಕರನ್ನು ಕಡೆಗಣಿಸುವವರು ಈ ಗುಣವನ್ನು ಕಾಣುವುದಿಲ್ಲ.

ಅಯ್ಯರ್ 1980ರಲ್ಲಿ ತೀರಿಕೊಂಡರು. ಅವರು ಕಾದಂಬರಿಗಳನ್ನು ಕನ್ನಡದಲ್ಲಿ ಬರೆದರು. ‘ಮಸಲ್ ಕಲ್ಟ್’, ‘ಸೂರ್ಯ ನಮಸ್ಕಾರ್’ ಇಂಗ್ಲಿಷಿನಲ್ಲಿ ಬಂದವು. ಇವತ್ತಿಗೂ ಟ್ರೈನರ್ ಆಗಬಯಸುವ ದಾವಣಗೆರೆಯ ಮಾಜಿ ಕುಸ್ತಿಪಟುವಿಗೋ ಹಾಸನದ ದೈಹಿಕ ಶಿಕ್ಷಕಿಗೋ ಎದುರಾಗುವ ಮೊದಲ ಗೋಡೆ ಇಂಗ್ಲಿಷಿನದೇ. ಸ್ನಾಯುಗಳ ಹೆಸರು, ಮಾತ್ರೆಗಳ ಎಚ್ಚರಿಕೆ, ಸಿಪಿಆರ್ ಎಲ್ಲವನ್ನೂ ಕನ್ನಡದಲ್ಲೇ ಕಲಿಸಿ ಕನ್ನಡದಲ್ಲೇ ಪರೀಕ್ಷೆ ಮಾಡುವ, ಸಂಜೆ ಮತ್ತು ಭಾನುವಾರ ನಡೆಯುವ ಒಂದು ಕೋರ್ಸನ್ನು ರಾಜ್ಯದ ಕೌಶಲಾಭಿವೃದ್ಧಿ ಇಲಾಖೆಯೋ ನಮ್ಮ ವಿಶ್ವವಿದ್ಯಾಲಯಗಳ ದೈಹಿಕ ಶಿಕ್ಷಣ ವಿಭಾಗಗಳೋ ಕೈಗೆತ್ತಿಕೊಳ್ಳಬೇಕು. ಟ್ರೈನರನ್ನು ಹುಡುಕುತ್ತಿರುವ ಓದುಗರು ಅವರ ತೋಳಿನ ಸುತ್ತಳತೆ ನೋಡುವ ಮೊದಲು ಮೂರು ಮಾತು ಕೇಳಿ: ಎಲ್ಲಿ ಕಲಿತಿರಿ, ಸಿಪಿಆರ್ ಬರುತ್ತದೆಯೇ, ನನ್ನ ಮಾತ್ರೆಗಳ ಪಟ್ಟಿ ನೋಡುತ್ತೀರಾ. ಉತ್ತರ ಸರಿಯಿದ್ದರೆ ಫೀಸಿನಲ್ಲಿ ಚೌಕಾಸಿ ಮಾಡಬೇಡಿ. ಬರಲಾಗದ ದಿನ ಹಿಂದಿನ ರಾತ್ರಿಯೇ ಹೇಳಿಬಿಡಿ.